ಗಾಳಿಯ ಮಂದ್ರ ಸ್ಥಾಯಿ

ಹವಾಮಾನವನ್ನು ಲೆಕ್ಕ ಹಾಕಿ ಹೇಳುವ ವಿದ್ಯೆಯ ಕಥೆ ಬಂದರೆ ಎಲ್ಲರೂ ಎನಿಯಾಕ್ ಕಂಪ್ಯೂಟರನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ಕಥೆ ತಿರುಗಿದ್ದು ಒಬ್ಬ ವಿದ್ಯಾರ್ಥಿಯ ಪಿಎಚ್.ಡಿ. ಪ್ರಬಂಧದಿಂದ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವ. 1910ರ ಮೇ 20ರ ಹವೆಯನ್ನು ಕೈಲೆಕ್ಕದಲ್ಲೇ ಹೊರಡಿಸಲು ನೋಡಿದ. ಉತ್ತರ ಏನು ಬಂತು ಗೊತ್ತೇ? ಆರು ಗಂಟೆಯಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತದೆ ಅಂತ! ಆ ದಿನ ನಿಜವಾಗಿ ಒತ್ತಡ ಹೆಚ್ಚುಕಡಿಮೆ ಅಲುಗಲೇ ಇಲ್ಲ. 1922ರ ತನ್ನ ಪುಸ್ತಕದಲ್ಲಿ ಆ ತಪ್ಪು ಉತ್ತರವನ್ನೂ ಹಾಗೇ ಅಚ್ಚು ಹಾಕಿಸಿದ. ನನಗೆ ಈ ಮನುಷ್ಯ ಇಷ್ಟವಾಗುವುದು ಅದಕ್ಕೇ.

ಸಮೀಕರಣಗಳು ಸರಿಯಾಗಿಯೇ ಇದ್ದವು. ಆದರೆ ಅವುಗಳಲ್ಲಿ ಹವೆಯ ನಿಧಾನದ ಅಲೆಗಳ ಜೊತೆಗೆ, ಸೆಕೆಂಡಿಗೆ ಸುಮಾರು 300 ಮೀಟರ್ ಓಡುವ ಗುರುತ್ವದ ಅಲೆಗಳೂ ಇವೆ. ಆರಂಭದ ಅಳತೆಗಳಲ್ಲಿ ಗಾಳಿಗೂ ಒತ್ತಡಕ್ಕೂ ಸ್ವಲ್ಪ ತಾಳೆ ತಪ್ಪಿದರೂ ಈ ಅಲೆಗಳೆದ್ದು ಲೆಕ್ಕವನ್ನು ನುಂಗಿಬಿಡುತ್ತವೆ. 1928ರಲ್ಲಿ ಕುರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಗಣಿತಜ್ಞರು ಇನ್ನೊಂದು ತೊಡಕು ತೋರಿಸಿದರು. ನಕ್ಷೆಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುವಾಗ, ಅಲೆ ಒಂದು ಚೌಕ ದಾಟುವ ಹೊತ್ತಿಗಿಂತ ದೊಡ್ಡ ಹೆಜ್ಜೆ ಇಟ್ಟರೆ ಲೆಕ್ಕ ಕೆಟ್ಟುಹೋಗುತ್ತದೆ. ರಿಚರ್ಡ್‌ಸನ್ನನ ಚೌಕ ಸುಮಾರು 200 ಕಿ.ಮೀ., ವೇಗದ ಅಲೆಗೆ ಹನ್ನೊಂದು ನಿಮಿಷದ ದಾರಿ. ಅವನ ಹೆಜ್ಜೆ ಮೂರು ಗಂಟೆ! ಒಂದೇ ಹೆಜ್ಜೆ ಇಟ್ಟಿದ್ದರಿಂದ ಈ ಗುಂಡಿಗೆ ಬೀಳಲಿಲ್ಲ, ಅಷ್ಟೆ.

ಈಗ ನಮ್ಮ ವಿದ್ಯಾರ್ಥಿ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜೂಲ್ ಚಾರ್ನಿ. ಪಶ್ಚಿಮದ ಗಾಳಿಯಲ್ಲಿ ಸಾವಿರಾರು ಕಿ.ಮೀ. ಉದ್ದದ ಅಲೆಗಳು ಬೆಳೆಯುವುದು ಉತ್ತರ-ದಕ್ಷಿಣದ ತಾಪಮಾನದ ವ್ಯತ್ಯಾಸದಿಂದ ಎಂದು 1946ರ ಪ್ರಬಂಧದಲ್ಲಿ ತೋರಿಸಿದ. 1947ರ ಅಕ್ಟೋಬರಿನಲ್ಲಿ ಅದು ಒಂದು ಪತ್ರಿಕೆಯ ಇಡೀ ಸಂಚಿಕೆಯನ್ನೇ ತುಂಬಿತು. ಪೆನ್ಸಿಲಿನಲ್ಲಿ ಬಿಡಿಸಬೇಕಲ್ಲ, ಯಾವ ಪದ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಲೇಬೇಕಾಯಿತು. ಆಮೇಲೆ ಬಂದದ್ದೆಲ್ಲ ಈ ಆರಿಸುವಿಕೆಯದೇ ಮುಂದುವರಿಕೆ. 1947ರ ಫೆಬ್ರವರಿಯಲ್ಲಿ ಫಿಲಿಪ್ ಥಾಂಪ್ಸನ್ನನಿಗೆ ಬರೆದ ಪತ್ರದಲ್ಲಿ ವಾತಾವರಣವನ್ನು ಒಂದು ವಾದ್ಯಕ್ಕೆ ಹೋಲಿಸುತ್ತಾನೆ. ನಮ್ಮ ಮಾತಲ್ಲಿ ಹೇಳುವುದಾದರೆ, ಪ್ರಕೃತಿಗೆ ಮಂದ್ರ ಸ್ಥಾಯಿಯೇ ಪ್ರಿಯ, ತಾರಕ್ಕೆ ಹೋಗುವುದು ಅಪರೂಪ. ಮುಂದೆ ಆಸ್ಲೋದಲ್ಲಿ ಕೂತು, ಒತ್ತಡಕ್ಕೂ ಭೂಮಿಯ ತಿರುಗುವಿಕೆಗೂ ಇರುವ ಸಮತೋಲನವನ್ನು ಹಿಡಿದು, ವೇಗದ ಅಲೆಗಳೇ ಹುಟ್ಟದಂಥ ಸಮೀಕರಣ ಕಟ್ಟಿದ.

1950ರ ಮಾರ್ಚಿನಲ್ಲಿ ಎನಿಯಾಕ್ ಹೊತ್ತಿಗೆ ಚೌಕ 736 ಕಿ.ಮೀ., ಹೆಜ್ಜೆ ಮೂರು ಗಂಟೆಯವರೆಗೂ ಹೋಯಿತು. 33 ದಿನದ ಕೆಲಸ, ಒಂದು ದಿನದ ಮುನ್ಸೂಚನೆಗೆ ಹೆಚ್ಚುಕಡಿಮೆ ಒಂದು ದಿನ! ತಮಾಷೆಯೆಂದರೆ ಅಂದು ಬಳಸಿದ ಒಂದೇ ಪದರದ ಮಾದರಿಯಲ್ಲಿ, ಪ್ರಬಂಧದಲ್ಲಿ ತೋರಿಸಿದಂತೆ ಅಲೆ ಬೆಳೆಯುವುದಕ್ಕೆ ಜಾಗವೇ ಇರಲಿಲ್ಲ.

ಚಾರ್ನಿ ಫಲಿತಾಂಶಗಳನ್ನು ರಿಚರ್ಡ್‌ಸನ್ನನಿಗೆ ಕಳಿಸಿದ. ಆತ ನಕ್ಷೆಗಳನ್ನು ಹೆಂಡತಿ ಡೊರೊಥಿಯ ಮುಂದಿಟ್ಟು, ಮರುದಿನದ ನಿಜವಾದ ನಕ್ಷೆಗೆ ಯಾವುದು ಹೆಚ್ಚು ಹೋಲುತ್ತದೆ, ಹಿಂದಿನ ದಿನದ್ದೋ ಯಂತ್ರ ಬಿಡಿಸಿದ್ದೋ ಎಂದು ಕೇಳಿದ. ಒಟ್ಟಿನಲ್ಲಿ ಕೂದಲೆಳೆಯಷ್ಟು ಯಂತ್ರದ್ದೇ ಮೇಲು ಎಂದಳಂತೆ ಆಕೆ.