ಕಾಯಿಪಲ್ಯ ಕಾಪಿಡುವ ಬಗೆ: ಬಾಳಕದಿಂದ ಫ್ರೀಜರ್‌ವರೆಗೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳು ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆಗೆ ಸೇರಿದ್ದು, ಮಾಗಿಯಲ್ಲಿ ಹೇರಳವಾಗಿ ಸಿಗುವ ಕಾಯಿಪಲ್ಯ ಬೇಸಿಗೆಯಲ್ಲಿ ತುಟ್ಟಿಯಾಗುವುದರಿಂದ, ಅದನ್ನು ಕಾಪಿಡುವ ಕೆಲಸ ಇಲ್ಲಿನ ಅಡುಗೆಮನೆಗೆ ಹೊಸದಲ್ಲ. ಕಡಲೆಯ ಎಳೆಸೊಪ್ಪನ್ನು ಒಣಗಿಸುವುದು, ಹಣ್ಣು ಮೆಣಸಿನಕಾಯಿಯಿಂದ ರಂಜಕ ಅರೆಯುವುದು, ಚವಳಿಕಾಯಿಯನ್ನು ಉಪ್ಪುನೀರಿನಲ್ಲಿ ತುಸು ಕುದಿಸಿ ಬಿಸಿಲಿಗೆ ಹರಡಿ ಬಾಳಕ ಮಾಡುವುದು, ಇವೆಲ್ಲವೂ ನೀರಿನಂಶವನ್ನು ತೆಗೆದು ಅಥವಾ ಉಪ್ಪು, ಹುಳಿಗಳನ್ನು ಹೆಚ್ಚಿಸಿ ಸೂಕ್ಷ್ಮಜೀವಿಗಳು ಬೆಳೆಯದಂತೆ ತಡೆಯುವ ಉಪಾಯಗಳೇ ಆಗಿವೆ.

ಹಿಮೀಕರಣವಾದರೋ ನೀರನ್ನು ಹೊರಹಾಕದೆ ಅಲ್ಲಿಯೇ ಹೆಪ್ಪುಗಟ್ಟಿಸುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ಹರಳುಗಳು ಮೂಡಿ ಜೀವಕೋಶದ ಗೋಡೆಗಳನ್ನು ಹರಿಯುವುದರಿಂದ ಕಾಯಿ ಮೆತ್ತಗಾಗುತ್ತದೆ. ಈ ತೊಡಕನ್ನು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ 1920ರ ದಶಕದಲ್ಲಿ ಶೀಘ್ರವಾಗಿ ಹೆಪ್ಪುಗಟ್ಟಿಸುವ ಯಂತ್ರದಿಂದ ನಿವಾರಿಸಿದನು, 1930ರಲ್ಲಿ ಅವನ ವಿಧಾನದ ಆಹಾರಗಳು ಸ್ಪ್ರಿಂಗ್‌ಫೀಲ್ಡ್ ನಗರದ ಅಂಗಡಿಗಳಿಗೆ ಬಂದವು. ಭಾರತದಲ್ಲಿ 1950ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಸ್ಥಾಪನೆಯಾಯಿತು, 1958ರಲ್ಲಿ ಗೋದ್ರೆಜ್ ಸಂಸ್ಥೆ ಫ್ರಿಜ್ ತಯಾರಿಕೆಗೆ ತೊಡಗಿತು.

ಆದರೆ ಹಳ್ಳಿಯ ಮನೆಗೆ ಫ್ರಿಜ್ ಬಂದರೂ ವಿದ್ಯುತ್ ಸತತವಾಗಿ ಇಲ್ಲದಿದ್ದರೆ ಅದರಲ್ಲಿ ತಿಂಗಳುಗಟ್ಟಲೆ ಏನನ್ನೂ ಇಡಲಾಗದು. ಪಂಪ್‌ಸೆಟ್ಟಿನ ಮಾರ್ಗವನ್ನೂ ಮನೆಗಳ ಮಾರ್ಗವನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಈ ದೃಷ್ಟಿಯಿಂದ ಫ್ರಿಜ್ಜಿನಷ್ಟೇ ಮಹತ್ವದ್ದು. 2023ರಲ್ಲಿ ಜಾರಿಗೆ ಬಂದ, ತಿಂಗಳಿಗೆ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಿಲ್ಲಿನ ಭಯವನ್ನೂ ತಗ್ಗಿಸಿತು.

ಸಾಧನ ಬಂದಷ್ಟು ಬೇಗ ವಿಧಾನ ಬರಲಿಲ್ಲವೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಹಸಿ ತೊಗರಿಕಾಳನ್ನು ಸುಲಿದು ಹಾಗೆಯೇ ಚೀಲಕ್ಕೆ ತುಂಬಿ ಫ್ರೀಜರಿನಲ್ಲಿಟ್ಟರೆ, ಕಾಳಿನೊಳಗಿನ ಕಿಣ್ವಗಳು, ಎಂದರೆ ಬಣ್ಣ ರುಚಿಗಳನ್ನು ಬದಲಿಸುವ ಜೈವಿಕ ವಸ್ತುಗಳು, ಆ ಚಳಿಯಲ್ಲಿಯೂ ಮೆಲ್ಲನೆ ಕೆಲಸ ಮಾಡುತ್ತ ಕೆಲವು ವಾರಗಳಲ್ಲಿ ಹುಲ್ಲಿನ ವಾಸನೆ ತರುತ್ತವೆ. ಕುದಿಯುವ ನೀರಿನಲ್ಲಿ ಸುಮಾರು ಎರಡು ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ನೀರಾರಿಸಿ, ತಾಟಿನಲ್ಲಿ ಒಂದೇ ಪದರಾಗಿ ಹೆಪ್ಪುಗಟ್ಟಿಸಿದ ಮೇಲೆ ಚೀಲಕ್ಕೆ ತುಂಬಿದರೆ ಕಿಣ್ವಗಳು ಅಡಗುತ್ತವೆ, ಕಾಳುಗಳೂ ಒಂದಕ್ಕೊಂದು ಅಂಟುವುದಿಲ್ಲ. ಬಾಳಕಕ್ಕೆ ಚವಳಿಕಾಯಿ ಕುದಿಸುವ ಕೈಗಳಿಗೆ ಇದು ಅಪರಿಚಿತ ಕೆಲಸವಲ್ಲ. ಅದೇ ಹೆಜ್ಜೆಯನ್ನು ಫ್ರೀಜರಿಗೂ ಒಯ್ಯಬೇಕೆಂದು ಮಾತ್ರ ತಿಳಿಸಬೇಕಾಗಿದೆ, ಈ ತಿಳಿವಳಿಕೆಯನ್ನು ಮಹಿಳಾ ಸ್ವಸಹಾಯ ಸಂಘಗಳ ತರಬೇತಿಯಲ್ಲಿ ಅವಶ್ಯ ಸೇರಿಸಬೇಕು.

ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಖಾನೆ ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯದ ಕಾರಣ ಅದರಲ್ಲಿಟ್ಟದ್ದನ್ನು ಕೆಲವೇ ವಾರಗಳಲ್ಲಿ ಬಳಸುವುದು ಲೇಸು. ಸೌತೆಕಾಯಿ, ಮೂಲಂಗಿಗಳಂತಹ ಹಸಿಯಾಗಿ ತಿನ್ನುವ ಕಾಯಿಗಳು ಹೆಪ್ಪುಗಟ್ಟಿದರೆ ಗರಿಗರಿತನ ಕಳೆದುಕೊಳ್ಳುತ್ತವೆ. ಟೊಮೆಟೊ ಮೆತ್ತಗಾದರೂ ಸಾರಿಗೆ, ಗೊಜ್ಜಿಗೆ ಸಲ್ಲುತ್ತದೆ, ಅದನ್ನು ಮೊದಲೇ ಕುದಿಸುವ ಅಗತ್ಯವೂ ಇಲ್ಲ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿಯ ಲಿಂಬೆಗಂತೂ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಮಳೆಗಾಲದಲ್ಲಿ ಆವಕ ಹೆಚ್ಚಿ ಬೆಲೆ ಕುಸಿದಾಗ ರಸ ಹಿಂಡಿ, ಕಹಿ ಬಾರದಂತೆ ಬೀಜ ಸೋಸಿ, ಐಸ್ ತಟ್ಟೆಯ ಗುಣಿಗಳಲ್ಲಿ ಹೆಪ್ಪುಗಟ್ಟಿಸಿ ಬಿಗಿಮುಚ್ಚಳದ ಡಬ್ಬಿಗೆ ತುಂಬಿದರೆ ಒಂದೊಂದು ತುಂಡನ್ನು ಬೇಕಾದಾಗ ಪಾನಕಕ್ಕೆ ತೆಗೆದುಕೊಳ್ಳಬಹುದು.