‘ಎಲ್ಲಿಗೆ ಹೋಗುತ್ತೀ’ ಎಂದು ಕೇಳಿದನು

ಸುಳ್ಯದ ಪಕ್ಕದ ಅಜ್ಜಾವರದಲ್ಲಿ ದಾರಿಗೆ ಎದುರಾದವರು ಮೊದಲು ಕೇಳುವ ಮಾತು ‘ಓಡೆ ಪೋಪುನಿ?’ ಮನೆಗೆ ಬಂದು ಹೇಳುವಾಗಲೂ ಅದೇ ಮಾತು: ‘ಓಡೆ ಪೋಪುನಿ ಪಂಡ್‌ದ್ ಕೇಂಡೆ.’ ಕನ್ನಡದ ರೀತಿಯೂ ಇದೇ. ‘ಎಲ್ಲಿಗೆ ಹೋಗುತ್ತೀ’ ಎಂಬ ಪ್ರಶ್ನೆಯನ್ನು ಇದ್ದಂತೆಯೇ ಇರಿಸಿ ಬೆನ್ನಿಗೊಂದು ‘ಎಂದು’ ಕಟ್ಟಿದರೆ ಸಾಕು. ಕೇಳಿದವನ ದನಿ ಹಾಗೆಯೇ ಉಳಿಯುತ್ತದೆ. ಈ ‘ಎಂದು’ ‘ಎನ್’ ಧಾತುವಿನಿಂದ ಬಂದುದು. ಹಳಗನ್ನಡದ ಕಾಲದಿಂದಲೂ ಇದೇ ಚಾಕರಿಯಲ್ಲಿದೆ.

ಇಂಗ್ಲಿಷಿನ ಕಟ್ಟಳೆ ಬೇರೆ. ‘ವೇರ್ ಆರ್ ಯೂ ಗೋಯಿಂಗ್?’ ಎಂಬುದನ್ನು ವರದಿ ಮಾಡುವಾಗ ‘ಯೂ’ ಹೋಗಿ ‘ಐ’ ಬರಬೇಕು, ‘ಆರ್’ ಹೋಗಿ ‘ವಾಸ್’ ಆಗಬೇಕು, ಕರ್ತೃಪದ ಕ್ರಿಯಾಪದದ ಮುಂದಕ್ಕೆ ಸರಿಯಬೇಕು, ಪ್ರಶ್ನಾರ್ಥಕ ಚಿಹ್ನೆಯೂ ಅಳಿಯಬೇಕು: ‘ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್.’ ಹೌದು-ಅಲ್ಲ ಎಂಬ ಉತ್ತರದ ಪ್ರಶ್ನೆಯಾದರೆ ‘ಇಫ್’ ಅಥವಾ ‘ವೆದರ್’ ಬೇಕು. ನಮ್ಮ ಹುಡುಗರು ‘ವೇರ್ ವಾಸ್ ಐ ಗೋಯಿಂಗ್’ ಎಂದು ಬರೆದರು. ‘ಎಂದು’ವಿನ ಜಾಗದಲ್ಲಿ ‘ದ್ಯಾಟ್’ ಇರಿಸಿದರು. ನಾನೂ ಇರಿಸಿ ಕೆಂಪು ಗೀಟು ತಿಂದವನೇ. ಅದು ದಡ್ಡತನವಲ್ಲ, ತಾಯ್ನುಡಿಯ ನ್ಯಾಯ.

ಈ ಕಟ್ಟಳೆ ನಮ್ಮ ಕಡೆಗೆ ಬಂದ ದಾರಿ ಸ್ವಾರಸ್ಯದ್ದು. 1834ರಲ್ಲಿ ಇಂಗ್ಲಿಷರು ಕೊಡಗನ್ನು ಕಸಿದುಕೊಂಡು ಅದರ ಕೈಯಲ್ಲಿದ್ದ ಸುಳ್ಯದ ಸೀಮೆಯನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಅದೇ ವರ್ಷ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಇಳಿದರು. ಮರುವರ್ಷ ಮೆಕಾಲೆಯ ಟಿಪ್ಪಣಿ. 1837ರಲ್ಲಿ ಸುಳ್ಯದ ರೈತರು ಬಂಡೆದ್ದು ಮಂಗಳೂರಿನವರೆಗೂ ನಡೆದರು. ದಂಗೆ ಅಡಗಿತು, ಇಂಗ್ಲಿಷು ಉಳಿಯಿತು. 1911ರಿಂದ ಮದರಾಸು ಆಧಿಪತ್ಯದಲ್ಲಿ ಎಸ್.ಎಸ್.ಎಲ್.ಸಿ. ಪದ್ಧತಿ, 1930ರ ದಶಕದಿಂದ ರೆನ್ ಮತ್ತು ಮಾರ್ಟಿನರ ವ್ಯಾಕರಣ. (ಈ ರೆನ್ ಮಹಾಶಯ ಮರುಭೂಮಿಯ ಸಿಪಾಯಿಗಳ ಸಾಹಸದ ‘ಬೋ ಜೆಸ್ಟ್’ ಕಾದಂಬರಿ ಬರೆದವನೇ!) 1956ರವರೆಗೆ ಜಿಲ್ಲೆ ಮದರಾಸಿನದು, ಸರಕಾರಿ ನೌಕರಿಯ ಬಾಗಿಲಲ್ಲಿ ಈ ಪರೀಕ್ಷೆ ಕುಳಿತಿತ್ತು.

ಶಾಲೆಗಿಂತ ಬಿಗಿಯಾದ ಜಾಗ ಕೋರ್ಟು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಪ್ರಕಾರ ಸಾಕ್ಷಿಯ ಹೇಳಿಕೆಯನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿಯಲ್ಲ, ಕಥನವಾಗಿ ಬರೆದುಕೊಳ್ಳಬೇಕಿತ್ತು. ‘ರಾತ್ರಿ ತೋಟಕ್ಕೆ ಏಕೆ ಹೋದೆ?’ ಎಂದು ಗದರಿಸಿ ಕೇಳಿದರೆ ಸಾಕ್ಷಿ ತಡವರಿಸಿ ‘ನೀರು ಬಿಡಲು’ ಎನ್ನುತ್ತಾನೆ. ಕಾಗದದಲ್ಲಿ ಉಳಿಯುವುದು ‘ನಾನು ನೀರು ಬಿಡಲು ರಾತ್ರಿ ತೋಟಕ್ಕೆ ಹೋದೆನು’ ಎಂಬ ವಾಕ್ಯ. ಗದರಿಕೆಯೂ ಇಲ್ಲ, ಪ್ರಶ್ನೆಯೂ ಇಲ್ಲ. ಕೇಳದೆ ತಾನಾಗಿ ಹೇಳಿದಂತೆ! ಅಪೀಲಿನ ನ್ಯಾಯಾಧೀಶರ ಮುಂದೆ ಹೋಗುತ್ತಿದ್ದುದು ಆ ಕಾಗದವೇ.

ನಮ್ಮಂತೆ ಇಂಗ್ಲಿಷರ ಆಳ್ವಿಕೆ ಕಂಡ ಐರ್ಲೆಂಡಿನಲ್ಲಿಯೂ ಜನ ‘ವೇರ್ ವಾಸ್ ಐ ಗೋಯಿಂಗ್’ ಎಂದೇ ವರದಿ ಮಾಡುವುದುಂಟು. ಅಲ್ಲಿನ ಹಳೆಯ ಐರಿಶ್ ನುಡಿಯ ಪ್ರಭಾವವೆಂದು ಹಲವು ಭಾಷಾಶಾಸ್ತ್ರಜ್ಞರು ಅದನ್ನು ಆದರದಿಂದ ಗುರುತಿಸಿದ್ದಾರೆ. ನಮ್ಮಲ್ಲಿ ಅದಕ್ಕೆ ಅರ್ಧ ಅಂಕ ಕಡಿತ.