ಅಳಿಸಿದವರೇ ಬರೆದಿಟ್ಟ ನಾಡು

ಮೆಕ್ಸಿಕೋದ ವಾಯವ್ಯಕ್ಕೆ, ಪೆಸಿಫಿಕ್ ಸಾಗರಕ್ಕೂ ಕ್ಯಾಲಿಫೋರ್ನಿಯಾ ಕೊಲ್ಲಿಗೂ ನಡುವೆ ಸುಮಾರು 1,200 ಕಿಲೋಮೀಟರ್ ಉದ್ದಕ್ಕೆ ತೆಳ್ಳಗೆ ಇಳಿಬಿದ್ದಿರುವ ಮರಳುಗಾಡೇ ಬಾಹಾ ಕ್ಯಾಲಿಫೋರ್ನಿಯಾ. ದೊಡ್ಡ ಚಾನೆಲ್ಲುಗಳ ಹಣವಿಲ್ಲದೆ ತಮ್ಮ ಪಾಡಿಗೆ ಸಾಕ್ಷ್ಯಚಿತ್ರ ಮಾಡುವವರಿಗೆ ಈ ಪರ್ಯಾಯದ್ವೀಪ ಮೇಲ್ನೋಟಕ್ಕೆ ಹಬ್ಬ. ಹದಿನೈದು ಮೀಟರ್ ದಾಟುವ ಕಾರ್ಡೋನ್ ಕಳ್ಳಿಗಳಿವೆ. ದೊಡ್ಡ ಕೊಂಬೆಗಳಿಲ್ಲದೆ ಕಂಬದಂತೆ ನಿಲ್ಲುವ ಸಿರಿಯೋ ಮರಗಳಿವೆ. ಚಳಿಗಾಲದಲ್ಲಿ ಮರಿ ಹಾಕಲು ಆರ್ಕ್ಟಿಕ್ ಕಡೆಯಿಂದ ಬರುವ ಬೂದು ತಿಮಿಂಗಿಲಗಳಿವೆ. ನಿಸರ್ಗದ ಭಾಗಕ್ಕೆ ಬೇಕಾದ್ದು ತಾಳ್ಮೆ ಮತ್ತು ಪೆಟ್ರೋಲು ಅಷ್ಟೆ.

ತೊಡಕು ಬರುವುದು ಚರಿತ್ರೆಯ ಭಾಗದಲ್ಲಿ. ಇಲ್ಲಿ ಸಾವಿರಾರು ವರ್ಷ ಬಾಳಿದ ಪೆರಿಕೂ, ಗ್ವಾಯಿಕೂರಾ, ಕೊಚಿಮೀ ಜನರ ಭಾಷೆಗಳನ್ನು ಈಗ ಯಾರೂ ಆಡುವುದಿಲ್ಲ. ಹಾಗಾದರೆ ಕ್ಯಾಮೆರಾದ ಮುಂದೆ ಯಾರನ್ನು ಕೂರಿಸುವುದು?

ಉಳಿದಿರುವುದು ಹೊರಗಿನಿಂದ ಬಂದವರ ಬರಹ. ಆ ದಾಖಲೆ ಶುರುವಾಗುವುದೇ ತಪ್ಪಿನಿಂದ. 1535ರಲ್ಲಿ ಎರ್ನಾನ್ ಕೊರ್ಟೆಸ್ ಇಂದಿನ ಲಾ ಪಾಸ್ ಬಳಿ ಇಳಿದು ವಸಾಹತು ಕಟ್ಟಲು ಹೋಗಿ ಕೈಸುಟ್ಟುಕೊಂಡ. 1539ರಲ್ಲಿ ಅವನೇ ಕಳಿಸಿದ ಫ್ರಾನ್ಸಿಸ್ಕೋ ದೆ ಉಯೋವಾ ಕೊಲ್ಲಿಯ ತುದಿ ಮುಟ್ಟಿ, ಇದು ದ್ವೀಪವಲ್ಲ ಎಂಬುದನ್ನು ಕಂಡುಕೊಂಡ. ಆದರೂ ಹದಿನೇಳನೇ ಶತಮಾನದ ಯುರೋಪಿನ ನಕ್ಷೆಗಾರರು ಕ್ಯಾಲಿಫೋರ್ನಿಯಾವನ್ನು ದ್ವೀಪವೆಂದೇ ಬರೆದರು. ಒಬ್ಬ ಬರೆದದ್ದನ್ನು ಇನ್ನೊಬ್ಬ ನಕಲು ಮಾಡಿದ. 1700ರ ಆಸುಪಾಸಿನಲ್ಲಿ ಯೂಸೇಬಿಯೋ ಕೀನೋ ಎಂಬ ಪಾದ್ರಿ ನೆಲದ ದಾರಿಯಲ್ಲೇ ಕೊಲರಾಡೋ ನದಿಯವರೆಗೆ ಹೋಗಿ ನಿಜ ತೋರಿಸಿದ. ಅದೂ ಸಾಲದೆ, 1747ರಲ್ಲಿ ಸ್ಪೇನಿನ ದೊರೆ ಆರನೇ ಫರ್ಡಿನಾಂಡ್ ಕ್ಯಾಲಿಫೋರ್ನಿಯಾ ದ್ವೀಪವಲ್ಲವೆಂದು ಆಜ್ಞೆಯನ್ನೇ ಹೊರಡಿಸಬೇಕಾಯಿತು.

ಅಷ್ಟರಲ್ಲಿ ಜೆಸ್ಯೂಟ್ ಪಾದ್ರಿಗಳು ನೆಲೆಯೂರಿ ಅರ್ಧ ಶತಮಾನವಾಗಿತ್ತು. 1697ರಲ್ಲಿ ಹ್ವಾನ್ ಮರೀಯಾ ದೆ ಸಾಲ್ವಾತಿಯೆರಾ ಲೊರೆತೋದಲ್ಲಿ ಮೊದಲ ಕಾಯಂ ಮಿಷನ್ ಕಟ್ಟಿದ. ಅಲೆಮಾರಿ ಬೇಟೆಗಾರರನ್ನು ಒಂದೆಡೆ ಕೂಡಿಹಾಕಿದ ಕಡೆಯಲ್ಲೆಲ್ಲ ಸಿಡುಬು, ದಡಾರ ಹಬ್ಬಿದವು. 1734ರಲ್ಲಿ ಪೆರಿಕೂಗಳು ದಂಗೆಯೆದ್ದು ಇಬ್ಬರು ಪಾದ್ರಿಗಳನ್ನು ಕೊಂದರು. ಬಹುಪತ್ನಿತ್ವದ ಮೇಲಿನ ನಿಷೇಧ ಆ ಸಿಟ್ಟಿನ ಒಂದು ಕಾರಣ. ಮಿಷನ್‌ಗಳು ಬರುವ ಮುನ್ನ ನಲವತ್ತು ಸಾವಿರಕ್ಕೂ ಹೆಚ್ಚಿದ್ದಿರಬಹುದಾದ ಮೂಲನಿವಾಸಿಗಳು, 1768ರಲ್ಲಿ ಸ್ಪೇನ್ ಜೆಸ್ಯೂಟರನ್ನು ಹೊರಗಟ್ಟಿದಾಗ ಏಳು ಸಾವಿರದಷ್ಟು ಉಳಿದಿದ್ದರು.

ಹೀಗೆ ಹೊರಬಿದ್ದವರಲ್ಲಿ ಯೋಹಾನ್ ಯಾಕೋಬ್ ಬೇಗೆರ್ಟ್ ಒಬ್ಬ. ಅಲ್ಸಾಸ್ ಮೂಲದ ಈತ ಸಾನ್ ಲೂಯಿಸ್ ಗೊನ್ಸಾಗಾ ಮಿಷನ್ನಿನಲ್ಲಿ ಹದಿನೇಳು ವರ್ಷ ಇದ್ದು, ಯುರೋಪಿಗೆ ಮರಳಿ, 1770ರ ದಶಕದ ಶುರುವಿನಲ್ಲಿ ಮಾನ್‌ಹೈಮ್‌ನಲ್ಲಿ ಜರ್ಮನ್ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಸಿಡುಕು ಮುದುಕನ ಬರಹ ಅದು. ಈ ನಾಡಿನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ ಎಂಬ ಧಾಟಿಯಲ್ಲೇ ಶುರುಮಾಡುತ್ತಾನೆ. ಗ್ವಾಯಿಕೂರಾಗಳನ್ನು ಸೋಮಾರಿಗಳು, ಕೊಳಕರು ಎಂದು ಮೂದಲಿಸುತ್ತಾನೆ. ಆದರೆ ನೋಡಿದ್ದನ್ನು ಬಿಡದೆ ದಾಖಲಿಸುತ್ತಾನೆ. ಪಿತಾಯಾ ಕಳ್ಳಿಹಣ್ಣಿನ ಸುಗ್ಗಿಯಲ್ಲಿ ಅವರು ಹೊಟ್ಟೆಬಿರಿಯೆ ತಿಂದು, ಆಮೇಲೆ ಒಣಗಿದ ಮಲದಿಂದ ಬೀಜಗಳನ್ನು ಆರಿಸಿ, ಹುರಿದು, ಬೀಸಿ, ಎರಡನೇ ಸಲ ತಿನ್ನುತ್ತಿದ್ದ ಪದ್ಧತಿ ಅವನ ಪುಸ್ತಕದಲ್ಲಿದೆ. ಓದುವವರು ಮೂಗು ಮುಚ್ಚಿಕೊಳ್ಳಬಹುದು. ಒಂದು ಕಾಳನ್ನೂ ಕೈಬಿಡಲಾಗದ ನೆಲದಲ್ಲಿ ಬದುಕುವುದು ಎಂದರೇನು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಗ್ವಾಯಿಕೂರಾ ಭಾಷೆಯಲ್ಲಿ ಇಂದು ಉಳಿದಿರುವುದೂ ಬಹುಪಾಲು ಬೇಗೆರ್ಟ್ ಬರೆದಿಟ್ಟ ಪ್ರಾರ್ಥನೆ ಮತ್ತು ತುಸು ವ್ಯಾಕರಣವೇ.

ತಿಮಿಂಗಿಲಗಳ ಕಥೆಯೂ ಇದೇ ಜಾಡಿನದು, ಅಳಿಸಿದವರೇ ಬರೆದಿಟ್ಟದ್ದು. 1857ರ ಚಳಿಗಾಲದಲ್ಲಿ ಚಾರ್ಲ್ಸ್ ಮೆಲ್ವಿಲ್ ಸ್ಕ್ಯಾಮನ್ ಎಂಬ ಅಮೆರಿಕದ ಬೇಟೆಗಾರ ಕಪ್ತಾನ ಓಹೋ ದೆ ಲಿಯೆಬ್ರೆ ಹಿನ್ನೀರಿನ ಒಳಕ್ಕೆ ಹಡಗು ತೂರಿಸಿದ. ಮರಿ ಹಾಕುವ ಜಾಗ ಸಿಕ್ಕಿಬಿಟ್ಟಿತು. ಗುಟ್ಟು ರಟ್ಟಾದ ಮೇಲೆ ಹಡಗುಗಳ ಸಾಲೇ ಬಂತು. ತಾಯಿ ಮರಿಯನ್ನು ಬಿಟ್ಟು ಹೋಗುವುದಿಲ್ಲ ಎಂಬುದು ಬೇಟೆಗಾರರಿಗೆ ಅನುಕೂಲವಾಗಿತ್ತು. ತಾಯಿ ತಿರುಗಿಬಿದ್ದು ದೋಣಿಗಳನ್ನು ಪುಡಿಮಾಡಿದಾಗ ಅವರೇ ಅದಕ್ಕೆ ಸೈತಾನ ಮೀನು ಎಂದು ಹೆಸರಿಟ್ಟರು. ಕೆಲವೇ ಹಂಗಾಮುಗಳಲ್ಲಿ ಹಿನ್ನೀರುಗಳು ಬರಿದಾದವು. 1874ರಲ್ಲಿ ಇದೇ ಸ್ಕ್ಯಾಮನ್ ಪೆಸಿಫಿಕ್ ಕರಾವಳಿಯ ಕಡಲ ಸಸ್ತನಿಗಳ ಬಗ್ಗೆ ಸಚಿತ್ರ ಗ್ರಂಥ ಹೊರತಂದ. ಬೂದು ತಿಮಿಂಗಿಲದ ನಡವಳಿಕೆ ತಿಳಿಯಲು ಇಂದಿಗೂ ಅದನ್ನು ತೆರೆಯಬೇಕು. ಪುಸ್ತಕ ಮಾತ್ರ ಮಾರಾಟವಾಗಲಿಲ್ಲ. ಉಳಿದ ಪ್ರತಿಗಳಲ್ಲಿ ಬಹಳಷ್ಟು 1906ರ ಸಾನ್ ಫ್ರಾನ್ಸಿಸ್ಕೋ ಭೂಕಂಪದ ಬೆಂಕಿಗೆ ಹೋದವು.

1946ರಲ್ಲಿ ಅಂತರರಾಷ್ಟ್ರೀಯ ರಕ್ಷಣೆ ಸಿಕ್ಕ ಮೇಲೆ ತಿಮಿಂಗಿಲಗಳು ಚೇತರಿಸಿಕೊಂಡವು. 1972ರಲ್ಲಿ ಸಾನ್ ಇಗ್ನಾಸಿಯೋ ಹಿನ್ನೀರಿನಲ್ಲಿ ಪಾಚಿಕೋ ಮಾಯೊರಾಲ್ ಎಂಬ ಮೀನುಗಾರ, ತನ್ನ ದೋಣಿಯ ಪಕ್ಕಕ್ಕೆ ಬಂದ ತಿಮಿಂಗಿಲವನ್ನು ಕೈಚಾಚಿ ಮುಟ್ಟಿದ. ಇವತ್ತು ಪ್ರವಾಸಿಗಳೆಲ್ಲ ತೆಗೆಯುವ ವಿಡಿಯೋಗಳ ಮೂಲ ಅದು. ಅದೇ ಹಿನ್ನೀರಿನ ದಡದಲ್ಲಿ ಬೃಹತ್ ಉಪ್ಪಿನ ಕಾರ್ಖಾನೆ ತೆರೆಯುವ ಯೋಜನೆಯನ್ನು ಮೆಕ್ಸಿಕೋದ ಅಧ್ಯಕ್ಷ ಎರ್ನೆಸ್ತೋ ಸೆದೀಯೋ 2000ದಲ್ಲಿ ಕೈಬಿಟ್ಟರು.

ಬಂದೂಕು, ಬೋನು ಹಿಡಿದೇ ಆದರೂ ನಾಡನ್ನು ಅಳಿಸಲಿಕ್ಕಲ್ಲ, ಅರಿಯಲಿಕ್ಕೆಂದು ಬಂದವರೂ ಇದ್ದರು. ಅಮೆರಿಕದ ಎಡ್ವರ್ಡ್ ನೆಲ್ಸನ್ ಮತ್ತು ಎಡ್ವರ್ಡ್ ಗೋಲ್ಡ್‌ಮನ್ 1905–06ರಲ್ಲಿ ಕುದುರೆ, ಹೇಸರಗತ್ತೆಗಳ ಮೇಲೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ತಿರುಗಿ, ಪ್ರಾಣಿ, ಪಕ್ಷಿ, ಗಿಡಗಳ ಮಾದರಿ ಕಲೆಹಾಕಿದರು. ಅವರ ಹಾದಿಯನ್ನೇ ಮೋಟಾರ್‌ಸೈಕಲ್‌ಗಳಲ್ಲಿ ಹಿಂಬಾಲಿಸಿದ ‘ದಿ ಡೆವಿಲ್ಸ್ ರೋಡ್’ ಇಂಥ ಸ್ವತಂತ್ರ ಸಾಕ್ಷ್ಯಚಿತ್ರಕ್ಕೆ ಒಳ್ಳೆಯ ಮಾದರಿ. ಹಳೆಯ ಪಯಣವೊಂದು ಸಿಕ್ಕರೆ ಕಥೆಗೆ ಬೆನ್ನೆಲುಬು ಸಿಕ್ಕಂತೆಯೇ.

ಆದರೆ ಅತಿ ಹಳೆಯ ದಾಖಲೆ ಇರುವುದು ಬಾಹಾದ್ದೇ ಆದ ಸಾನ್ ಫ್ರಾನ್ಸಿಸ್ಕೋ ಬೆಟ್ಟಸಾಲಿನ ಬಂಡೆಗಳಲ್ಲಿ. ಕೆಂಪು, ಕಪ್ಪು ಬಣ್ಣದಲ್ಲಿ ಆಳೆತ್ತರ ಮೀರಿದ ಮನುಷ್ಯರು, ಜಿಂಕೆಗಳು, ಕಾಡುಕುರಿಗಳು ಕೈಗೆಟುಕದ ಮೇಲ್ಛಾವಣಿಗಳಲ್ಲಿ ಓಡುತ್ತಿವೆ. ಬಿಡಿಸಿದವರು ದೈತ್ಯರು ಎಂದು ಕೊಚಿಮೀಗಳು ಪಾದ್ರಿಗಳಿಗೆ ಹೇಳಿದ್ದರಂತೆ. ಪೆರಿ ಮೇಸನ್ ಪತ್ತೇದಾರಿ ಕಾದಂಬರಿಗಳ ಅರ್ಲ್ ಸ್ಟ್ಯಾನ್ಲಿ ಗಾರ್ಡ್‌ನರ್ 1962ರಲ್ಲಿ ಹೆಲಿಕಾಪ್ಟರ್ ತಂದು ಇವನ್ನು ಹೊರಜಗತ್ತಿಗೆ ತೋರಿಸಿದ. ಮೇಷ್ಟರ ಕೆಲಸ ಬಿಟ್ಟು ಛಾಯಾಗ್ರಾಹಕನಾದ ಹ್ಯಾರಿ ಕ್ರಾಸ್ಬಿ ಮಾತ್ರ ಹೇಸರಗತ್ತೆ ಏರಿ, ಬೆಟ್ಟದ ದನಗಾಹಿಗಳ ಜೊತೆ ಅಲೆದು, ಗವಿಯಿಂದ ಗವಿಗೆ ಹುಡುಕಿದ. ದೊಡ್ಡ ಕೆಲಸ ಇವನದೇ. 1993ರಲ್ಲಿ ಯುನೆಸ್ಕೋ ಈ ಚಿತ್ರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕ್ರಾಸ್ಬಿಗೆ ದಾರಿ ತೋರಿದ ಆ ದನಗಾಹಿಗಳಲ್ಲಿ ಮಿಷನ್ ಕಾಲದ ಸೈನಿಕರ ವಂಶಸ್ಥರು ಅನೇಕರು. ಯಾವ ಕೊರಕಲಿನಲ್ಲಿ ಬೇಸಗೆಗೂ ನೀರು ನಿಲ್ಲುತ್ತದೆ, ಜೀನು, ಚರ್ಮದ ಸಾಮಾನು ಹೇಗೆ ಹೊಲಿಯಬೇಕು ಎಂಬುದೆಲ್ಲ ಅವರ ಬಾಯಲ್ಲಿದೆ. 1973ರಲ್ಲಿ ಪರ್ಯಾಯದ್ವೀಪದ ಉದ್ದಕ್ಕೂ ಡಾಂಬರು ಹೆದ್ದಾರಿ ಪೂರ್ತಿಯಾದಾಗಿನಿಂದ ಮಕ್ಕಳು ಬೆಟ್ಟ ಇಳಿದು ಹೋಗುತ್ತಿದ್ದಾರೆ. ಕಡಿಮೆ ದುಡ್ಡಿನಲ್ಲಿ ಇಲ್ಲಿ ಚಿತ್ರ ಮಾಡಹೊರಟವರು ಡ್ರೋನ್ ಹಾರಿಸುವುದನ್ನು ಆಮೇಲೆ ನೋಡಿಕೊಳ್ಳಲಿ. ಮೊದಲು ಮೈಕನ್ನು ಇವರ ಮುಂದೆ ಇಡಲಿ. ಹೇಗೂ ಗವಿಗಳಿಗೆ ಹೋಗಲು ಸರ್ಕಾರದ ಪುರಾತತ್ವ ಸಂಸ್ಥೆಯ ಪರವಾನಗಿ ಬೇಕು, ಜೊತೆಗೆ ಇದೇ ಬೆಟ್ಟದ ಮಾರ್ಗದರ್ಶಿಯೊಬ್ಬ ಇರಲೇಬೇಕು.